ಬೆಂದ ವೈನಿಗೆ ನಾನು ಬರೆದ ಹೊಗಳಿಕೆ

ಮೋಸೆಲ್ ಕಣಿವೆಯ ವೈನಿನ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ನಾನು ಕಲಿತದ್ದು ಒಬ್ಬ ಜರ್ಮನ್ ಹೆಂಗಸನ್ನು ಅಣಕಿಸುತ್ತ. ಆಕೆ ಆ ಕಣಿವೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವವರು. ನಮ್ಮ ಆಮದು ಕಂಪನಿ ಅವರ ವೈನನ್ನು ಆಂಧ್ರದ ಹೋಟೆಲುಗಳಿಗೆ ಮಾರುತ್ತದೆಂದು ಒಪ್ಪಂದವಾದ ಮೇಲೆ, ಮಾರುವವರಿಗೆ ಮೂಗು ನಾಲಿಗೆ ಇವೆಯೋ ಇಲ್ಲವೋ ನೋಡಿಕೊಂಡು ಹೋಗಲು ಒಂದು ಚಳಿಗಾಲದಲ್ಲಿ ವಿಶಾಖಪಟ್ಟಣಕ್ಕೆ ಬಂದು ಮೂರು ದಿನ ಪಾಠ ಮಾಡಿದರು. ನನಗೆ ಮೂಗಿತ್ತು, ನೋಡುವುದಕ್ಕೆ ಸಾಕಷ್ಟು ಉದ್ದ. ನಾಲಿಗೆಯೂ ಇತ್ತು, ಆದರೆ ಅದು ರುಚಿ ನೋಡುವುದಕ್ಕಿಂತ ಬೇರೆಯವರ ದನಿ ತೆಗೆಯುವುದರಲ್ಲಿ ಪಳಗಿತ್ತು. ತುಮಕೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಆಫೀಸಿಗೆ ಫೋನ್ ಮಾಡಿ ಇಡೀ ತರಗತಿಗೆ ಒಂದು ದಿನ ರಜೆ ಕೊಡಿಸಿದವನು ನಾನು. ಮಾರನೆಯ ದಿನ ಪ್ರಿನ್ಸಿಪಾಲರು ತಮ್ಮ ಸ್ವಂತ ದನಿಯಲ್ಲಿ ನನಗೊಬ್ಬನಿಗೆ ಮತ್ತೊಂದು ವಾರ ರಜೆ ಕೊಟ್ಟರು.

ಜರ್ಮನ್ ಬಾಯಿಯವರು (ಬಾಯಿ ಅಂದರೆ ಅಮ್ಮಾವರು; ಹಾಗೆಂದು ನಾವು ಕರೆಯುತ್ತಿದ್ದೆವು, ಅವರ ಬೆನ್ನ ಹಿಂದೆ) ಗ್ಲಾಸನ್ನು ಅದರ ಸಪೂರ ಕಾಲಿನ ಬಳಿ ಹಿಡಿಯುವುದನ್ನು, ಮೂಗನ್ನು ಅದರೊಳಗೆ ಇಳಿಸುವುದನ್ನು, ಗುಟುಕನ್ನು ಬಾಯಲ್ಲಿ ಗಾಳಿಯ ಜೊತೆ ಕಲಸುವುದನ್ನು, ಆಮೇಲೆ ಬಕೆಟ್ಟಿಗೆ ಉಗುಳುವುದನ್ನು ಕಲಿಸಿದರು. ಉಗುಳುವುದರಲ್ಲಿ ನಮ್ಮವರು ಆಗಲೇ ಪರಿಣತರು, ಗುರಿಯೊಂದನ್ನು ತಿದ್ದಬೇಕಿತ್ತು. ತಮ್ಮ ಊರಿನ ಹೊಳೆಯ ದಂಡೆ ಗೋಡೆಯಷ್ಟು ಕಡಿದಾಗಿದೆ, ಅಲ್ಲಿ ಕಪ್ಪು ಹಾಸುಗಲ್ಲಿನ ಚೂರುಗಳ ನಡುವೆ ಬಳ್ಳಿ ನೆಟ್ಟಿದ್ದಾರೆ, ಹಗಲು ಕುಡಿದ ಬಿಸಿಲನ್ನು ಕಲ್ಲು ಇರುಳಲ್ಲಿ ಬಳ್ಳಿಗೆ ವಾಪಸು ಕೊಡುತ್ತದೆ ಅಂದರು. ಚಳಿ ಸೀಮೆಯಾದ್ದರಿಂದ ಹಣ್ಣು ಅವಸರವಿಲ್ಲದೆ ಮಾಗುತ್ತದೆ, ಸಿಹಿ ಬಂದ ಮೇಲೂ ಹುಳಿ ಬಿಟ್ಟುಹೋಗುವುದಿಲ್ಲ. ಆ ಹುಳಿಯೇ ರೀಸ್ಲಿಂಗ್ ಎಂಬ ಅಲ್ಲಿನ ದ್ರಾಕ್ಷಿಯ ವೈನಿಗೆ ಬೆನ್ನುಮೂಳೆ. ಮೇಲೆ ಹಸಿರು ಸೇಬು, ನಿಂಬೆ ಸಿಪ್ಪೆ, ಮಳೆ ಬಿದ್ದ ಕಲ್ಲಿನ ವಾಸನೆ. ಮದ್ಯದಂಶ ಕಡಿಮೆ, ಮೈ ತೆಳು, ಎಲ್ಲವೂ ನಾಜೂಕು. "ಇದನ್ನು ಬಿಸಿಯಲ್ಲಿ ಇಟ್ಟರೆ ಸಾಯುತ್ತದೆ, ಸತ್ತದ್ದು ನೋಡಿದರೆ ತಿಳಿಯುವುದಿಲ್ಲ" ಎಂದು ಎರಡು ಸಲ ಹೇಳಿದರು.

ಇಷ್ಟಲ್ಲದೆ ಅವರದೊಂದು ಕಟ್ಟುನಿಟ್ಟು ಇತ್ತು. ಗ್ಲಾಸು ಕೈಗೆ ಬಂದ ಮೇಲೆ ಪೂರ್ತಿ ಒಂದು ನಿಮಿಷ ಯಾರೂ ತುಟಿ ಬಿಚ್ಚಬಾರದು. ಮೂಗಿಗೆ ಬಂದದ್ದನ್ನು ಚೀಟಿಯಲ್ಲಿ ಬರೆದು ಮಡಚಿಟ್ಟು ಆಮೇಲೆ ಮಾತು. ಯಾಕೆಂದರೆ ಮೊದಲು ಯಾರು "ಸೇಬು" ಅನ್ನುತ್ತಾರೋ, ಉಳಿದ ಮೂಗುಗಳೆಲ್ಲ ಅವರ ಹಿಂದೆ ಸೇಬಿನ ತೋಟಕ್ಕೆ ಹೊರಟುಬಿಡುತ್ತವೆ. ನಾನು ಆ ನಿಮಿಷವನ್ನೂ ಅಣಕಿಸಿದೆ: ಕಣ್ಣು ಮುಚ್ಚಿ, ಗದ್ದ ಎತ್ತಿ, ಬೆರಳನ್ನು ತುಟಿಗೆ ಒತ್ತಿ. ಬಾಯಿಯವರೇ ನೋಡಿ ನಕ್ಕರು. ಅವರು ಹೋದ ಮೇಲೆ ದನಿ ಉಳಿಯಿತು, ನಿಮಿಷ ಬಿಟ್ಟುಹೋಯಿತು. ಸ್ಯಾಂಪಲ್ ಬಾಟಲಿ ಹಿಡಿದು ಯಾವ ಹೋಟೆಲಿಗೆ ಹೋದರೂ ಗ್ಲಾಸು ತುಂಬುವ ಮೊದಲೇ ನನ್ನ ಬಾಯಿ ತುಂಬಿರುತ್ತಿತ್ತು. "ಗ್ರೀನ್ ಏಪಲ್, ಯಾ? ವೆಟ್ ಶ್ಟೋನ್, ಯಾ?" ಎಲ್ಲರೂ ಯಾ ಯಾ ಅನ್ನುತ್ತಿದ್ದರು.

ಮೇ ತಿಂಗಳಲ್ಲಿ ಮೊದಲ ಕಂಟೇನರ್ ವಿಶಾಖಪಟ್ಟಣ ಬಂದರಿಗೆ ಬಂತು. ಬಂದದ್ದು ಮಾಮೂಲಿ ಕಬ್ಬಿಣದ ಪೆಟ್ಟಿಗೆಯಲ್ಲಿ. ತಂಪು ಕಂಟೇನರ್ ದುಬಾರಿ, ಬೇಡವೆಂದು ನಮ್ಮ ಮ್ಯಾನೇಜರು ಮೊದಲೇ ತೀರ್ಮಾನಿಸಿದ್ದರು. ಲೇಬಲ್ಲಿನ ಮಂಜೂರಾತಿ ಕಾಗದವೊಂದನ್ನು ನಮ್ಮ ಆಫೀಸು ಕಸ್ಟಮ್ಸಿಗೆ ಕಳಿಸುವುದು ಬಾಕಿಯಿತ್ತು, ಅದಿಲ್ಲದೆ ಅವರು ಮಾಲು ಬಿಡುವುದಿಲ್ಲ. ಅದು ಮ್ಯಾನೇಜರ ಮೇಜಿನ ಖಾನೆಯಲ್ಲಿತ್ತು, ಖಾನೆಯ ಕೀಲಿ ಅವರ ಜೇಬಿನಲ್ಲಿತ್ತು, ಅವರು ಬೆಂಗಳೂರಿನಲ್ಲಿ ಭಾವಮೈದುನನ ಮದುವೆಯಲ್ಲಿದ್ದರು. ಹನ್ನೊಂದು ದಿನ ಕಂಟೇನರ್ ಯಾರ್ಡಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ವಿಶಾಖಪಟ್ಟಣದ ಮೇ ಬಿಸಿಲಿಗೆ ಸಮುದ್ರದ ಉಪ್ಪು ಗಾಳಿಯೂ ಸೇರಿದರೆ ಮನುಷ್ಯನೇ ಉಪ್ಪಿನಕಾಯಿ ಆಗುತ್ತಾನೆ. ಎಂಟು ಡಿಗ್ರಿಯ ನೆಲಮಾಳಿಗೆಯಲ್ಲಿ ಬೆಳೆದ ವೈನಿನ ಪಾಡು ಕೇಳಬೇಕೆ.

ಗೋದಾಮಿನಲ್ಲಿ ಬಾಗಿಲು ತೆಗೆದಾಗ ನಾನೂ ಇದ್ದೆ. ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಬಾಬಾಯಿ ಅನ್ನುತ್ತಿದ್ದೆವು, ತೆಲುಗಿನಲ್ಲಿ ಚಿಕ್ಕಪ್ಪ. ತಾಯಿ ನಮ್ಮ ಪಾವಗಡದ ಕಡೆಯವರು, ತಂದೆ ವಿಶಾಖಪಟ್ಟಣದವರು. ಕನ್ನಡ ಅವರಿಗೆ ತಾಯಿಯ ಜೊತೆ ಆಡಿ, ತಾಯಿ ಹೋದ ಮೇಲೆ ಆ ಊರಲ್ಲಿ ಹೆಚ್ಚಾಗಿ ನನ್ನ ಜೊತೆಯೇ ಆಡಲು ಉಳಿದಿದ್ದ ಭಾಷೆ. ನಮ್ಮಲ್ಲಿಗೆ ಬರುವ ಮೊದಲು ಸೀಗಡಿ ರಫ್ತಿನ ಶೆಡ್ಡಿನಲ್ಲಿ ಹದಿನೈದು ವರ್ಷ ಬರೀ ಮೂಸುವ ಕೆಲಸ ಮಾಡಿದ್ದರು. ಒಂದು ಸೀಗಡಿ ಮೂಸಿದರೆ ಅದು ಐಸಿನಲ್ಲಿ ಎಷ್ಟು ದಿನ ಇತ್ತು, ನಡುವೆ ಎಲ್ಲಾದರೂ ಐಸ್ ಕರಗಿತ್ತೋ ಎಂದು ಹೇಳುತ್ತಿದ್ದರು. ಸಿಂಹಾಚಲದ ಅಪ್ಪನ್ನನಿಗೆ ಹರಕೆ ಹೊತ್ತು ಕುಡಿತ ಬಿಟ್ಟವರು. ವೈನನ್ನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ.

ಅವರು ಮೊದಲ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ಒಂದು ಬಾಟಲಿ ತೆಗೆದು ಕುತ್ತಿಗೆಯ ತಗಡು ಸವರಿದರು. ಕೆಳಗೆ ಬಿರಡೆ ಒಂದು ಕೂದಲಿನಷ್ಟು ಮೇಲೆ ಬಂದಿತ್ತು, ಸುತ್ತ ಅಂಟು.

"ಬೆಂದೋಗಿದೆ ಬಾಬೂ" ಅಂದರು. "ಕಂಟೇನರ್ ಸೀಲ್ ಒಡ್ದಿದ್ದು ಇವತ್ತೇ. ಇನ್ಶೂರೆನ್ಸ್ ಸರ್ವೇಯರ್‌ನ ಕರೀಬೇಕು. ಮ್ಯಾನೇಜರ್ ಗಾರಿಗೆ ಹೇಳು, ಈಗ್ಲೇ."

ಹೇಳಿದೆ. ಹೇಗೆ ಹೇಳಿದೆ ಎಂಬುದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಮ್ಯಾನೇಜರು ಮದುವೆಯ ಮೈಸೂರುಪಾಕಿನ ಡಬ್ಬಿ ಬಿಚ್ಚುತ್ತ "ಏನ್ ಗುರೂ, ಏನಂತಾರೆ ನಿಮ್ ಬಾಬಾಯಿ?" ಅಂದರು. ನಾನು ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೇಜಿನ ಮೇಲಿದ್ದ ಮೈಸೂರುಪಾಕಿನ ಡಬ್ಬಿಯ ಮೇಲೆ ಅಂಗೈ ಇಟ್ಟು, ಬಾಬಾಯಿಯ ದನಿಯಲ್ಲಿ "ಬೆಂದೋಗಿದೆ ಬಾಬೂ… ಸರ್ವೇಯರ್‌ನ ಕರೀಬೇಕು" ಅಂದೆ. ಮ್ಯಾನೇಜರು ಕೆಮ್ಮು ಬರುವಷ್ಟು ನಕ್ಕರು. "ಸೀಗಡಿ ಮೂಸೋರಿಗೆ ವೈನ್ ಏನ್ ಗೊತ್ತಾಗತ್ತೆ! ಇನ್ನೊಂದ್ ಸಲ ಮಾಡು" ಅಂದರು. ಇನ್ನೊಂದು ಸಲ ಮಾಡಿದೆ. ಅಷ್ಟರಲ್ಲಿ ಅದೊಂದು ಎಚ್ಚರಿಕೆಯಾಗಿ ಉಳಿದಿರಲಿಲ್ಲ, ನನ್ನ ಒಂದು ಐಟಂ ಆಗಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಅರೈವಲ್ ಟೇಸ್ಟಿಂಗ್. ಬಂದ ಮಾಲು ಹೇಗಿದೆ ಎಂದು ರುಚಿ ನೋಡಿ, ಒಂದು ಹಾಳೆಯಲ್ಲಿ ಬಣ್ಣ, ವಾಸನೆ, ಹುಳಿ, ಒಟ್ಟು ಸ್ಥಿತಿ ಬರೆದು ಸಹಿ ಹಾಕಬೇಕು. ಆ ಹಾಳೆಯ ಒಂದು ಪ್ರತಿ ನಮ್ಮ ಕಂಪನಿಯ ಮಾಲೀಕರಿಗೆ, ಒಂದು ಜರ್ಮನಿಗೆ. ರುಚಿ ನೋಡುವವನು ನಾನು, ಸಾಕ್ಷಿ ಮ್ಯಾನೇಜರು, ಮಾಲು ಒಪ್ಪಿಸುವವರು ಬಾಬಾಯಿ.

ಮೂರು ಬೇರೆ ಬೇರೆ ಪೆಟ್ಟಿಗೆಯಿಂದ ಮೂರು ಬಾಟಲಿ ತೆಗೆದು, ಹತ್ತು ಡಿಗ್ರಿಗೆ ತಂಪು ಮಾಡಿ, ಗ್ಲಾಸಿನ ಮೂರನೇ ಒಂದು ಪಾಲಿಗೆ ಸುರಿದೆ. ಬಣ್ಣ ನೋಡಿದೆ: ತಿಳಿ ಹಸಿರು ನೀರಿನಂತೆ ಇರಬೇಕಾದದ್ದು ಹುಲ್ಲಿನ ಬಣವೆಯ ಹಳದಿ ಆಗಿತ್ತು. ಮೂಗು ಇಳಿಸಿದೆ. ಬೇಯಿಸಿದ ಸೇಬು. ಅದರ ಹಿಂದೆ ಬೆಲ್ಲದ ಪಾಕ ಸೀಯುವುದಕ್ಕೆ ಸ್ವಲ್ಪ ಮೊದಲು ಏಳುವ ಹೊಗೆ. ಬಾಯಲ್ಲಿ ಸಿಹಿ ಒಂದೇ ಮಲಗಿತ್ತು, ಎಬ್ಬಿಸುವ ಹುಳಿ ಎಲ್ಲೋ ಮೂಲೆ ಸೇರಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಸ್ವಲ್ಪ ಹೆಚ್ಚು. ಆ ದಿನ ನನಗೆ ಒಂದೂ ಅನುಮಾನ ಇರಲಿಲ್ಲ. ಉದ್ದ ಮೂಗು ಜೀವನದಲ್ಲಿ ಮೊದಲ ಸಲ ಕೆಲಸ ಮಾಡಿತ್ತು.

ಬಾಬಾಯಿ ಗ್ಲಾಸನ್ನು ಗದ್ದದ ಹತ್ತಿರ ತಂದು, ಮೂಸಿ, ಕೆಳಗಿಟ್ಟು, ನನ್ನನ್ನೇ ನೋಡುತ್ತ ನಿಂತರು.

ಮ್ಯಾನೇಜರು ಗ್ಲಾಸನ್ನು ಟೀ ಲೋಟದಂತೆ ಹಿಡಿದಿದ್ದರು. "ಹೇಗಿದೆ ಗುರೂ? ಬೇಗ ಹೇಳು. ಒಂದ್ ಮಾತು ನೆನಪಿರ್ಲಿ, ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಮಾಲೀಕರು ಕೇಳೋದು ಮಾಲು ಯಾರ ಕೈಯಲ್ಲಿತ್ತು ಅಂತ. ಕೀಲಿ ಯಾರ ಹತ್ರ ಇದ್ಯೋ ಅವ್ರ ಕೆಲಸ ಹೋಗತ್ತೆ. ಅಲ್ವಾ ಬಾಬಾಯಿ?"

ಬಾಬಾಯಿ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಟ್ಟಿದೆ ಅಂದರೆ ಬಾಬಾಯಿ ಮನೆಗೆ, ಚೆನ್ನಾಗಿದೆ ಅಂದರೆ ಎಲ್ಲರೂ ಊಟಕ್ಕೆ. ನಾನು ಲೆಕ್ಕ ಹಾಕಿದ್ದು ಇಷ್ಟೇ. ಗದ್ದ ಎತ್ತಿದೆ, ಕಣ್ಣು ಮುಚ್ಚಿದೆ, ಜರ್ಮನ್ ಬಾಯಿಯವರನ್ನು ಗಂಟಲಿಗೆ ಕರೆದೆ. "ಗ್ರೀನ್ ಏಪಲ್, ಯಾ? ಲೈಮ್ ಶ್ಕಿನ್… ವೆಟ್ ಶ್ಟೋನ್. ವಂಡರ್‌ಬಾರ್!" ಮ್ಯಾನೇಜರು ಗುಟುಕರಿಸಿ, "ಹೌದು ಕಣೋ, ಗ್ರೀನ್ ಆಪಲ್! ಕರೆಕ್ಟಾಗಿ ಬರ್ತಿದೆ" ಅಂದರು. ಮಾತು ಮೊದಲು ಹೋದರೆ ಮೂಗು ಹಿಂದೆ ಬರುತ್ತದೆ ಎಂದು ಬಾಯಿಯವರು ಹೇಳಿದ್ದು ಸುಳ್ಳಲ್ಲ. ಒಂದು ಕ್ಷಣ ನನಗೂ ಹಸಿರು ಸೇಬು ಬಂದಂತಾಯಿತು.

ಹಾಳೆ ತುಂಬಿದೆ. ಒಟ್ಟು ಸ್ಥಿತಿ: ಅತ್ಯುತ್ತಮ. ಕೆಳಗೆ ಸಹಿ, ಹೆಬ್ಬೆಟ್ಟಿಗಿಂತ ಸ್ವಲ್ಪ ಚೆಂದದ್ದು.

ಹೊರಗೆ ಬಂದಾಗ ಬಾಬಾಯಿ ಬಾಗಿಲು ಹಾಕುತ್ತಿದ್ದರು. ಅವರ ಹೆಗಲ ಮೇಲೆ ಕೈ ಹಾಕಿ "ನಿಮ್ಮನ್ನ ಉಳಿಸ್ದೆ ಬಾಬಾಯಿ, ಒಂದು ಪೆಸರಟ್ಟು ಕೊಡಿಸಿ" ಅಂದೆ. ಅವರು ಬೀಗ ಎರಡು ಸಲ ಎಳೆದು ನೋಡಿ, ಕೈ ಒರೆಸಿಕೊಂಡು ನಡೆದರು. ಕಿವಿ ಮಂದವಿರಬೇಕು ಎಂದುಕೊಂಡೆ.

ಎರಡು ವಾರ ಕಳೆದು ವಿಜಯವಾಡದ ಕೆಲಸ ಬಂತು. ಬೆಂಜ್ ಸರ್ಕಲ್ ಹತ್ತಿರದ ದೊಡ್ಡ ಹೋಟೆಲೊಂದು ತನ್ನ ಹೊಸ ರೆಸ್ಟೊರೆಂಟಿಗೆ ವರ್ಷಪೂರ್ತಿ ಈ ವೈನ್ ಬೇಕೆಂದಿತ್ತು; ಮೊದಲು ತಮ್ಮ ಅತಿಥಿಗಳಿಗೆ ಒಂದು ಟೇಸ್ಟಿಂಗ್ ಮಾಡಿ ತೋರಿಸಿ ಅಂದಿತ್ತು. ಬಾಬಾಯಿ ಮೂರು ಪೆಟ್ಟಿಗೆ ವೈನನ್ನು ಸೀಗಡಿಯ ಥರ್ಮೊಕೋಲ್ ಡಬ್ಬಿಗಳಲ್ಲಿ ಐಸ್ ಚೀಲದ ನಡುವೆ ಮಲಗಿಸಿ ರೈಲಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಪ್ರತಿ ದೊಡ್ಡ ಸ್ಟೇಷನ್ನಿನಲ್ಲಿ ಮುಚ್ಚಳ ತೆಗೆದು ಥರ್ಮಾಮೀಟರ್ ನೋಡುತ್ತಿದ್ದರು. "ಸತ್ತೋರಿಗೆ ಯಾಕೆ ಬಾಬಾಯಿ ಇಷ್ಟು ಆರೈಕೆ?" ಅಂದೆ. "ನನ್ನ ಕೈಲಿ ಇರೋವರೆಗೂ ನನ್ನ ಮರ್ಯಾದಿ ಬಾಬೂ" ಅಂದರು. ಆ ಮಾತನ್ನೂ ಮನಸ್ಸಿನಲ್ಲಿ ಒಮ್ಮೆ ಅವರ ದನಿಯಲ್ಲಿ ಹೇಳಿ ನೋಡಿಕೊಂಡೆ. ಚಟ.

ನಾವಿಬ್ಬರೂ ಉಳಿದುಕೊಂಡದ್ದು ವಿಜಯವಾಡದ ಪಟಮಟದಲ್ಲಿ, ಬಾಬಾಯಿಯ ತಂಗಿಯ ಮನೆಯಲ್ಲಿ. ನಾನು ಆಕೆಯನ್ನು ಅಕ್ಕ ಅಂದೆ, ಆಕೆ ನನ್ನನ್ನು ತಮ್ಮುಡು ಅಂದರು. ಬೆಳಗ್ಗೆ ಇಡ್ಲಿಯ ಪಕ್ಕ ಹೊಸ ಆವಕಾಯಿ ಉಪ್ಪಿನಕಾಯಿ ಬಂದಾಗ ನಾನು ಕೈ ಅಡ್ಡ ಇಟ್ಟೆ. ಖಾರ ತಿಂದರೆ ಆ ದಿನವೆಲ್ಲ ನಾಲಿಗೆ ಕೆಲಸಕ್ಕೆ ಬರುವುದಿಲ್ಲ.

"ಆವಕಾಯಿ ಬೇಡ ಅನ್ನೋರನ್ನ ಈ ಮನೇಲಿ ಇದೇ ಮೊದಲ್ಸಲ ನೋಡ್ತಿರೋದು" ಅಂದರು ಅಕ್ಕ. "ಏನ್ ತಮ್ಮುಡೂ, ನಾಲಿಗೆನ ಬ್ಯಾಂಕಲ್ಲಿ ಇಟ್ಟಿದೀಯಾ?"

"ನಾಲಿಗೆಯೇ ಸಂಬಳ ತರೋದು ಅಕ್ಕಾ."

"ಹಂಗಿದ್ರೆ ಅದು ಸುಳ್ಳು ಯಾಕ್ ಹೇಳ್ತದೆ?" ಎಂದರು ಬಾಬಾಯಿ, ಇಡ್ಲಿಯಿಂದ ಕಣ್ಣೆತ್ತದೆ.

ಅಕ್ಕ ಚಟ್ನಿ ತರುವ ನೆಪದಲ್ಲಿ ಒಳಗೆ ಹೋದರು.

"ನಿಮಗೋಸ್ಕರ ಅಲ್ವಾ ಬಾಬಾಯಿ. ಕೆಟ್ಟಿದೆ ಅಂದಿದ್ರೆ ನಿಮ್ಮ ಕೆಲಸ…"

"ಕೂತ್ಕೋ. ಕೇಳು." ಅವರು ತಟ್ಟೆಯ ಅಂಚಿನಲ್ಲಿ ಒಂದು ಇಡ್ಲಿ ಇಟ್ಟರು. "ಇದು ಬಂದರು. ಇದು ನನ್ನ ಗೋದಾಮು." ಇನ್ನೊಂದು ಅಂಚಿಗೆ ಇನ್ನೊಂದು ಇಡ್ಲಿ. "ಬಂದಾಗ್ಲೇ ಕೆಟ್ಟಿತ್ತು ಅಂತ ನೀನು ಬರೆದಿದ್ರೆ ತಪ್ಪು ಎಲ್ಲಿ? ಇಲ್ಲಿ, ಬಿಸಿಲಲ್ಲಿ ಬಿಟ್ಟೋರದು. ನೀನು ಬಂದಾಗ ಅತ್ಯುತ್ತಮ ಅಂತ ಬರೆದೆ. ನಾಳೆ ಯಾರೋ ಕೆಟ್ಟಿದೆ ಅಂತಾರೆ. ಎಲ್ಲಿ ಕೆಡ್ತು? ಇಲ್ಲಿ. ನನ್ನ ಹತ್ರ. ಅಂತೇ ಕದಾ, ಅಷ್ಟೇ ತಾನೆ?"

ಎರಡನೆಯ ಇಡ್ಲಿಯ ಮೇಲೆ ಅವರ ಬೆರಳು ನಿಂತಿತ್ತು.

"ಆವತ್ತೇ ಯಾಕೆ ಹೇಳ್ಲಿಲ್ಲ ನೀವು? ಅಲ್ಲೇ ಇದ್ರಲ್ಲ?"

"ಹೇಳಿದ್ನಲ್ಲ, ಹಿಂದಿನ ದಿನವೇ. ನಿನ್ನ ಹತ್ರ." ಅವರ ದನಿ ಏರಲಿಲ್ಲ. "ನೀನು ಹೋಗಿ ಏನು ಆಡಿ ತೋರಿಸ್ದೆ ಅಂತ ಲೋಡಿಂಗ್ ಹುಡುಗ್ರು ಬಂದು ನನಗೆ ಆಡಿ ತೋರಿಸಿದ್ರು. ಚೆನ್ನಾಗೇ ಮಾಡ್ತೀಯ. ನನ್ನ ಹೆಂಡ್ತೀನೂ ನಗ್ತಾಳೆ. ಅದಾದ್ಮೇಲೆ ನಾನು ಬಾಯಿ ಬಿಟ್ರೆ ಯಾರ್ ಕೇಳ್ತಾರೆ, ನಾನ್ ಹೇಳಿದ್ರೂ ನಿನ್ನ ಮಾತಿನ ಹಂಗೇ ಕೇಳ್ಸುತ್ತೆ."

ಅಕ್ಕ ಚಟ್ನಿ ತಂದು ಬಡಿಸಿದರು. ಇಬ್ಬರೂ ತಿಂದೆವು. ಬಂದರನ್ನು ನಾನು ತಿಂದೆ, ಗೋದಾಮನ್ನು ಅವರು.

ಟೇಸ್ಟಿಂಗ್ ಸಂಜೆ ನಾಲ್ಕಕ್ಕೆ. ಮ್ಯಾನೇಜರು ಕಾರಿನಲ್ಲಿ ಬಂದಿಳಿದು, ಹೋಟೆಲಿನ ಅಡುಗೆಮನೆಯ ಹಿಂದೆ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೂ ಒಳಗೊಳಗೇ ಅಳುಕು ಇತ್ತೆಂದು ಆಗಲೇ ನನಗೆ ಗೊತ್ತಾದದ್ದು.

"ಬಾಟಲ್‌ಗಳನ್ನ ಐಸಲ್ಲೇ ಇಡು, ಪೂರ್ತಿ. ಗ್ಲಾಸನ್ನೂ ಫ್ರೀಜರ್‌ಗೆ ಹಾಕು. ಕೊರೀತಿರ್ಬೇಕು. ಆಮೇಲೆ ನಿನ್ನ ಜರ್ಮನ್ ಆಂಟಿ ಶೋ ಶುರು ಮಾಡು. ಮಧ್ಯ ಗ್ಯಾಪ್ ಬಿಡ್ಬೇಡ."

ತೀರಾ ತಣ್ಣಗಿದ್ದರೆ ಯಾವ ವಾಸನೆಯೂ ಏಳುವುದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ವೈನಿನ ಬಗ್ಗೆ ಮ್ಯಾನೇಜರಿಗೆ ಗೊತ್ತಿದ್ದದ್ದು ಇದೊಂದೇ, ಅದನ್ನು ಸರಿಯಾಗಿಯೇ ತಿಳಿದುಕೊಂಡಿದ್ದರು.

ಅವರು ಅತಿಥಿಗಳ ಕಡೆ ಹೋದರು. ನಾನು ಐಸಿನ ಮುಂದೆ ನಿಂತೆ. ಅವರು ಹೇಳಿದಂತೆ ಮಾಡಿದರೆ ಈ ಹೊತ್ತು ದಾಟುತ್ತದೆ. ಆದರೆ ಈ ಹೋಟೆಲು ವರ್ಷಪೂರ್ತಿ ಕೊಳ್ಳುತ್ತದೆ, ಎಲ್ಲ ಗ್ಲಾಸನ್ನೂ ಫ್ರೀಜರಿನಲ್ಲಿ ಇಡುವುದಿಲ್ಲ. ಒಂದಲ್ಲ ಒಂದು ದಿನ ಯಾರದೋ ಮೂಗಿಗೆ ಬೆಲ್ಲ ಬರುತ್ತದೆ, ಆಗ ಎರಡನೆಯ ಇಡ್ಲಿಯ ಮೇಲೆ ಬೆರಳು ಬೀಳುತ್ತದೆ. ಇವತ್ತೇ ಎಲ್ಲರ ಮುಂದೆ ಹೊರಬಿದ್ದರೆ, ಬಂದ ದಿನವೇ ಹೀಗಿತ್ತು, ನಾನೇ ಸುಳ್ಳು ಬರೆದೆ ಎಂದು ಎಲ್ಲರ ಮುಂದೆಯೇ ಹೇಳಿಬಿಡಬಹುದು. ಹೋದರೆ ನನ್ನ ಕೆಲಸ ಹೋಗಲಿ. ಬಾಟಲಿಗಳನ್ನು ಐಸಿನಿಂದ ತೆಗೆದು ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿದೆ. ಬಾಬಾಯಿ ಥರ್ಮಾಮೀಟರ್ ಕೊಟ್ಟರು. ಹನ್ನೆರಡು ಡಿಗ್ರಿ ಬಂದಾಗ ಬಿರಡೆ ಎಳೆದೆ.

ಸುಮಾರು ಇಪ್ಪತ್ತು ಜನ. ಕಾರು ಶೋರೂಮಿನವರು, ಆಸ್ಪತ್ರೆಯ ಡಾಕ್ಟರುಗಳು, ಹೋಟೆಲಿನ ಮುಖ್ಯ ಬಾಣಸಿಗರು. ಗ್ಲಾಸುಗಳು ಬಂದವು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಮ್ಯಾನೇಜರು ಶುರು ಮಾಡೆಂದು ಹುಬ್ಬು ಹಾರಿಸಿದರು.

"ಒಂದು ನಿಮಿಷ ಯಾರೂ ಮಾತಾಡಬೇಡಿ" ಅಂದೆ, ನನ್ನ ತುಮಕೂರಿನ ಇಂಗ್ಲಿಷಿನಲ್ಲಿ. "ಮೂಗಿಗೆ ಏನು ಬರುತ್ತೋ ಅದನ್ನ ಈ ಚೀಟಿಯಲ್ಲಿ ಬರೀರಿ. ಯಾವ ಭಾಷೆಯಲ್ಲಾದರೂ ಸರಿ."

ಕೈಗಡಿಯಾರ ನೋಡುತ್ತ ನಿಂತೆ. ಒಂದು ನಿಮಿಷ ಇಷ್ಟು ಉದ್ದ ಇರುತ್ತದೆಂದು ಅದನ್ನು ಅಣಕಿಸುವಾಗ ತಿಳಿದಿರಲಿಲ್ಲ. ಮೊದಲ ಹದಿನೈದು ಸೆಕೆಂಡು ನಗು. ಯಾರದೋ ಮೊಬೈಲ್ ಬಡಿಯಿತು, ಅವರು ಅದನ್ನು ಕೊಂದರು. ಆಮೇಲೆ ಮೂಗುಗಳು ಒಂದೊಂದಾಗಿ ಗ್ಲಾಸಿನೊಳಗೆ ಇಳಿದವು. ನಲವತ್ತನೇ ಸೆಕೆಂಡಿಗೆ ಬಾಣಸಿಗರ ಹಣೆ ಗಂಟಿಕ್ಕಿತು. ನನ್ನ ಗಂಟಲಿನಲ್ಲಿ ಜರ್ಮನ್ ಬಾಯಿಯವರು ಗ್ರೀನ್ ಏಪಲ್ ಹಿಡಿದುಕೊಂಡು ಬಾಗಿಲು ಬಡಿಯುತ್ತಿದ್ದರು. ತೆಗೆಯಲಿಲ್ಲ.

ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದೆ. ಒಬ್ಬರು "ಸೂಪರ್" ಎಂದಿದ್ದರು. ಯಾವ ಸಭೆಯಲ್ಲೂ ಒಬ್ಬರು ಇರುತ್ತಾರೆ. ಉಳಿದದ್ದು: ಜೇನು. ಹಳೆಯ ಜೇನು. ಬೇಕರಿ. ಒಬ್ಬ ಡಾಕ್ಟರಮ್ಮ ತೆಲುಗಿನಲ್ಲಿ "ಬೆಲ್ಲಂ ಪಾಕಂ" ಎಂದು ಬರೆದು ಅಡಿಗೆರೆ ಎಳೆದಿದ್ದರು. ಬಾಣಸಿಗರ ಚೀಟಿಯಲ್ಲಿ ಎರಡೇ ಶಬ್ದ, ಬೇಯಿಸಿದ ಸೇಬು.

"ಇದು ಹೀಗೇ ಇರ್ಬೇಕಾ?" ಎಂದು ಬಾಣಸಿಗರು ಕೇಳಿದರು.

"ಇಲ್ಲ" ಅಂದೆ. "ಇದು ಬಿಸಿಲಿನಲ್ಲಿ ಬೆಂದ ವೈನ್. ವಿಶಾಖಪಟ್ಟಣಕ್ಕೆ ಬಂದ ದಿನವೇ ಹೀಗಿತ್ತು. ನನಗೆ ಗೊತ್ತಿತ್ತು. ನಾನು ಸುಳ್ಳು ಬರೆದಿದ್ದೆ."

ಮೊದಲು ಚಪ್ಪಾಳೆ ತಟ್ಟಿದವರು ಮ್ಯಾನೇಜರು. ನಗುತ್ತ ಎದ್ದು, ನನ್ನ ಭುಜ ಹಿಡಿದು ಅಲ್ಲಾಡಿಸಿ, ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಅಂದರು: "ನಮ್ಮ ಹುಡುಗ ದೊಡ್ಡ ಕಲಾವಿದ. ಕೆಟ್ಟ ವೈನ್ ಹೇಗಿರತ್ತೆ ಅಂತ ಮೊದಲು ತೋರಿಸೋದು ನಮ್ಮ ಪದ್ಧತಿ. ಒಳ್ಳೇದು ಮುಂದಿನ ತಿಂಗಳು, ತಂಪು ಕಂಟೇನರಿನಲ್ಲಿ." ಜನ ನಕ್ಕರು, ಚಪ್ಪಾಳೆ ಜೋರಾಯಿತು. ಡಾಕ್ಟರಮ್ಮ ತಮ್ಮ ಚೀಟಿಯನ್ನು ನೆನಪಿಗೆಂದು ವಾಪಸು ಇಸಿದುಕೊಂಡರು. ಬಾಣಸಿಗರು ನನ್ನ ಕೈ ಕುಲುಕಿ, ಇಂಥ ಪ್ರಾಮಾಣಿಕ ಟೇಸ್ಟಿಂಗ್ ನೋಡಿರಲಿಲ್ಲ ಅಂದರು. ಮುಂದಿನ ಕಂಟೇನರಿಗೆ ಹೋಟೆಲು ಅಲ್ಲೇ ಒಪ್ಪಿಗೆ ಕೊಟ್ಟಿತು.

ಪಡಸಾಲೆಗೆ ಬಂದ ಮೇಲೆ ಮ್ಯಾನೇಜರ ನಗು ಅರ್ಧ ಇಳಿದಿತ್ತು. ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಅರೈವಲ್ ಶೀಟಿನ ನಕಲು.

"ಒಟ್ಟು ಸ್ಥಿತಿ ಅತ್ಯುತ್ತಮ. ಸಹಿ ಯಾರ್ದು ಗುರೂ?"

"ನಂದೇ ಸಾರ್. ಸುಳ್ಳು ಅದು. ಬಂದಾಗ್ಲೇ ಬೆಂದಿತ್ತು."

"ಬಂದಾಗ ಚೆನ್ನಾಗಿತ್ತು ಅಂತ ನಿನ್ನ ಕೈಬರಹ ಹೇಳತ್ತೆ. ಇವತ್ತು ಕೆಟ್ಟಿದೆ ಅಂತ ಇಪ್ಪತ್ತು ಜನರ ಕೈಬರಹ ಹೇಳತ್ತೆ. ಚೀಟಿ ಬರೆಸಿದ್ದು ನೀನೇ, ಥ್ಯಾಂಕ್ಸ್. ಮಧ್ಯದಲ್ಲಿ ಮಾಲು ಎಲ್ಲಿತ್ತು?" ಅವರು ಬಾಬಾಯಿ ನಿಂತಿದ್ದ ಕಡೆ ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ.

"ಬೇಕಾದ್ರೆ ಮಾಲೀಕರಿಗೆ ನಾನೇ ಬರೆದು ಕೊಡ್ತೀನಿ ಸಾರ್. ನಾನು ಸುಳ್ಳು ಬರೆದೆ ಅಂತ."

"ಬರಿಯಪ್ಪ. ಯಾರ ದನಿಯಲ್ಲಿ ಬರೀತೀಯ?" ಅವರು ನಿಜವಾಗಿಯೂ ಕುತೂಹಲದಿಂದ ಕೇಳಿದಂತಿತ್ತು. "ಆವತ್ತು ಜರ್ಮನ್ ಆಂಟಿ, ಅದರ ಹಿಂದಿನ ದಿನ ಬಾಬಾಯಿ, ಇವತ್ತು ಹರಿಶ್ಚಂದ್ರ. ಯಾವ ದನಿ ನಂಬ್ಲಿ ನಾನು?"

ಬರೆದೆ. ನಾಲ್ಕು ಪುಟ. ಹನ್ನೊಂದು ದಿನ, ಬಿರಡೆ, ಅಂಟು, ಬಣ್ಣ, ಸೇಬು, ಎಲ್ಲವನ್ನೂ. ಹತ್ತು ದಿನದ ಮೇಲೆ ಮಾಲೀಕರ ಉತ್ತರ ಬಂತು. ಸ್ನೇಹಿತರಿಗಾಗಿ ತಪ್ಪು ಮೈಮೇಲೆ ಎಳೆದುಕೊಳ್ಳುವ ನನ್ನ ಒಳ್ಳೆಯತನವನ್ನು ಮೆಚ್ಚಿದ್ದರು. ವಿಜಯವಾಡದ ಟೇಸ್ಟಿಂಗಿಗಾಗಿ ನನಗೆ ಒಂದು ಮೇಲಿನ ಹುದ್ದೆ ಕೊಟ್ಟಿದ್ದರು. ಬಾಬಾಯಿಗೆ ಬೇರೆ ಲಕೋಟೆ ಬಂದಿತ್ತು. ಅದನ್ನು ಅವರು ನನ್ನೆದುರು ತೆರೆಯಲಿಲ್ಲ. ಬೀಗದ ಕೀಲಿಗಳನ್ನು ಒಂದೊಂದಾಗಿ ಗೊಂಚಲಿನಿಂದ ಬಿಡಿಸಿ, ಪ್ರತಿಯೊಂದೂ ಯಾವ ಬಾಗಿಲಿನದೆಂದು ಹೊಸಬನಿಗೆ ಹೇಳಿ, ಥರ್ಮಾಮೀಟರನ್ನು ಒರೆಸಿ ಡಬ್ಬಿಯಲ್ಲಿಟ್ಟು ಹೋದರು. ಲೋಡಿಂಗ್ ಹುಡುಗರು ಆ ನಡಿಗೆಯನ್ನು ಅಣಕಿಸಿ ತೋರಿಸೆಂದು ನನ್ನನ್ನು ಕೇಳಿದರು. ಕಾಲು ಏಳಲಿಲ್ಲ.

ಮೇಲಿನ ಹುದ್ದೆಯನ್ನು ಎಸೆದು ಬಂದೆನೆಂದು ಬರೆದರೆ ನಿಮಗೂ ಸಮಾಧಾನ, ನನಗೂ. ಎಸೆಯಲಿಲ್ಲ. ಏಳು ತಿಂಗಳು ಮಾಡಿದೆ. ತಂಪು ಕಂಟೇನರಿನಲ್ಲಿ ಬಂದ ಎರಡನೆಯ ಮಾಲಿಗೆ ಹೊಸ ಅರೈವಲ್ ಶೀಟ್ ಬರೆದೆ. ಆ ಸಲ ವೈನು ಹೇಗಿರಬೇಕೋ ಹಾಗೇ ಇತ್ತು. ಹುಳಿ ನಾಲಿಗೆಯ ಎರಡೂ ಅಂಚನ್ನು ಹಿಡಿದು ನಿಲ್ಲಿಸಿತು. ಹಾಳೆಯ ಮೇಲೆ ಏನು ಬರೆಯಲಿ? "ಹಸಿರು ಸೇಬು, ನಿಂಬೆ ಸಿಪ್ಪೆ, ಒದ್ದೆ ಕಲ್ಲು." ಬೆಂದ ವೈನಿಗೆ ಬರೆದಿದ್ದ ಅವೇ ಶಬ್ದಗಳು. ಬೇರೆ ನನ್ನಲ್ಲಿ ಇರಲಿಲ್ಲ.

ಅದರಲ್ಲಿ ಒಂದು ಬಾಟಲಿಯನ್ನು ಐಸಿನ ಡಬ್ಬಿಯಲ್ಲಿಟ್ಟು ಒಂದು ಭಾನುವಾರ ಬೆಳಗ್ಗೆ ಬಾಬಾಯಿಯ ಮನೆಗೆ ಹೋದೆ. ಅವರು ಮತ್ತೆ ಸೀಗಡಿ ಶೆಡ್ಡಿಗೆ ಸೇರಿದ್ದರು, ಈ ಸಲ ಮೂಸುವುದಕ್ಕಲ್ಲ, ಐಸ್ ಒಡೆಯುವುದಕ್ಕೆ. ಮೂಸುವ ಜಾಗದಲ್ಲಿ ಬೇರೆಯವರು ಬಂದು ವರ್ಷಗಳಾಗಿದ್ದವು. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಕೂರು ಅಂದರು, ಕಾಫಿ ತರಿಸಿದರು, ಯಾವ ದೂರೂ ಹೇಳಲಿಲ್ಲ. ಅದೇ ಕಷ್ಟವಾಯಿತು.

ಎರಡು ಲೋಟಕ್ಕೆ ಸುರಿದೆ. ಬಾಯಿ ತೆರೆಯುವುದರೊಳಗೆ ಅವರು ಕೈ ಎತ್ತಿ ತಡೆದರು.

"ನಿಮಿಷ" ಅಂದರು. "ಬರಿ. ನಾನೂ ಬರೀತೀನಿ."

ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಎರಡು ತುಂಡು ಮಾಡಿದರು. ಅವರು ಮೂಸಿದರು. ಮೂಸುವಾಗ ಅವರ ಕಣ್ಣು ಮುಚ್ಚುವುದಿಲ್ಲ, ಗದ್ದ ಏಳುವುದಿಲ್ಲ, ತಲೆ ಸ್ವಲ್ಪ ಓರೆಯಾಗುತ್ತದೆ ಅಷ್ಟೇ. ಅಣಕಿಸಲು ಅದರಲ್ಲಿ ಏನೂ ಇಲ್ಲ. ನಿಮಿಷ ಕಳೆಯಿತು. ಚೀಟಿ ಬದಲಾಯಿಸಿಕೊಂಡೆವು.

ಅವರದರಲ್ಲಿ ತೆಲುಗು ಅಕ್ಷರಗಳಲ್ಲಿ ಕನ್ನಡದ ಒಂದು ಸಾಲಿತ್ತು: "ಐಸ್ ಎಲ್ಲೂ ಕರಗಿಲ್ಲ."

ನನ್ನದರಲ್ಲಿ ಇದ್ದದ್ದು ಹಸಿರು ಸೇಬು, ನಿಂಬೆ ಸಿಪ್ಪೆ, ಒದ್ದೆ ಕಲ್ಲು. ಅದನ್ನು ಅವರು ಕನ್ನಡಕ ಇಳಿಸಿ ಎರಡು ಸಲ ಓದಿದರು. ತಿರುಗಿಸಿ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡಿದರು. ಆಮೇಲೆ ಲೋಟವನ್ನು ನನ್ನ ಕಡೆಗೆ ಸರಿಸಿ, ಬೈಯುವ ದನಿಯಲ್ಲಿ ಅಲ್ಲ, ತಿಳಿದುಕೊಳ್ಳುವವರ ಹಾಗೆ ಕೇಳಿದರು:

"ಇದು ನಿನ್ನ ಮೂಗಿಗೇ ಬಂದಿದ್ದಾ ಬಾಬೂ, ಇಲ್ಲಾ ಬೇರೆ ಯಾರ್ದಾದ್ರೂ ಮಾತಾ?"